ಹತ್ತು ದಿನ

ಕೌಂಟರಿನಲ್ಲಿ ಹೆಸರು ಕೇಳಿದರು.
"ಡಾಕ್ಟರ್" ಎಂದ ನನ್ನ ಗಂಡ.
"ಡಾಕ್ಟರ ಹೆಸರಲ್ಲಪ್ಪಾ, ಸೂಜಿ ಯಾರಿಗೋ ಅವರದು."
"ನನಗೇ ಸಾರ್. ಡಾಕ್ಟರ್."
ಆಧಾರ್ ತೋರಿಸಿದ ಮೇಲೆ
ಕನ್ನಡಕ ತೆಗೆದು ನಕ್ಕು ಬರೆದುಕೊಂಡರು.
ನಮ್ಮ ಮಾವ ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ
ಸತ್ತು ಬದುಕಿ ಬಂದ ವರ್ಷ ಹುಟ್ಟಿದವನು ಇವನು.
ಕಂಡದ್ದನ್ನೇ ಹೆಸರಾಗಿ ಇಡುವ ಜನ ನಾವು.
ಈ ಡಾಕ್ಟರಿಗೆ ಸೂಜಿ ಕಂಡರೆ
ಮೊಣಕಾಲು ಗಡಗಡ.

ಹೊರಟಿರುವುದು ಗ್ಯಾಬೊನ್‌ಗೆ.
ಚನ್ನಗಿರಿ ಆಚೆಯ ನಮ್ಮ ಕ್ಯಾಂಪಿನಲ್ಲಿ
ಆ ಹೆಸರು ಗೊತ್ತಿಲ್ಲದ ಕೂಸಿಲ್ಲ.
ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ,
ಅಲ್ಲಿಯ ಬೀದಿಯಲ್ಲಿ ಮುರುಕು ಫ್ರೆಂಚು,
"ಮಂಡಿ ನೋವಾ ತಾಯಿ, ಮೂರು ರಾತ್ರಿ ಉಜ್ಜು"
ಎನ್ನುವಷ್ಟು.

ಎಣ್ಣೆ ಮಾರಿದವಳು ನಾನು.
ಬಾಟಲಿಯಲ್ಲಿ ಬೇರೆಷ್ಟು, ಮಾತೆಷ್ಟು
ನನಗಿಂತ ಚೆನ್ನಾಗಿ ಯಾರು ಬಲ್ಲರು?
ಅದಕ್ಕೇ, ಆ ದೇಶದ ಸೊಳ್ಳೆಗೆ
ನನ್ನ ಬೇರು ಸಾಲದೆಂದು
ಯಾರೂ ಬಂದು ಹೇಳಬೇಕಾಗಿರಲಿಲ್ಲ.

ಏಜೆಂಟ್ ರುದ್ರೇಶಿ ಹೇಳಿದ್ದ:
"ಬೆಂಗಳೂರಿನತನಕ ಯಾಕಕ್ಕಾ?
ಹಳದಿ ಪುಸ್ತಕ ನಾನೇ ಕೊಡಿಸ್ತೀನಿ, ಸೀಲು ಸಮೇತ.
ಬಸ್ ಚಾರ್ಜೂ ಉಳೀತು, ನೋವೂ ಉಳೀತು."
ಸೀಲು ನೋಡಿ ಏರ್‌ಪೋರ್ಟಿನವರು ಬಿಟ್ಟಾರು.
ಸೊಳ್ಳೆಗೆ ಓದು ಬರುವುದಿಲ್ಲ ರುದ್ರೇಶಿ.

ಹೋದ ಸಲ ನಾದಿನಿ ಕಾಫೀನಾ
ಮಲೇರಿಯಾ ಮಾತ್ರೆ ನಡುವೆ ಬಿಟ್ಟಳು,
ಮೈ ಚೆನ್ನಾಗೈತಲ್ಲ ಅಂತ.
ಹನ್ನೊಂದು ದಿನ ಒಂದು ತಗಡಿನ ಕೋಣೆ,
ಒದ್ದೆ ಬಟ್ಟೆ, ನಾನು.
ಅಲ್ಲಿಯ ನರ್ಸಮ್ಮ ಬಾಗಿ ಕೇಳಿದಳು: "ಫಿಯೆವ್ರ್?"
ವ್ಯಾಪಾರಕ್ಕೆಂದೂ ಬೇಕಾಗದ ಪದ.
ಅವತ್ತು ಕಲಿತೆ, ಮರೆತಿಲ್ಲ.
ಕಾಫೀನಾ ಉಳಿದಳು. ಕೂದಲು ಉಳಿಯಲಿಲ್ಲ.
ನಮ್ಮ ಎಣ್ಣೆಯನ್ನೇ ಹಚ್ಚಿದೆವು.
ಬಂತು ಅನ್ನಿ,
ಅರ್ಧ.

ಸೂಜಿ ಇರುವೆ ಕಚ್ಚಿದಷ್ಟೇ.
ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು,
ತಲೆ ತಿರುಗುತ್ತಾ, ಉಸಿರು ಸರಿಯಾ ಎಂದು ಕೇಳಿದರು.
"ಹತ್ತು ದಿನ ಕಳೆಯಲಿ, ಆಮೇಲೆ ವಿಮಾನ."
ರಾತ್ರಿ ಬಸ್ಸಿನಲ್ಲಿ ಚುಚ್ಚಿಸಿಕೊಂಡ ತೋಳಿನ ಮೇಲೇ
ಡಾಕ್ಟರ್ ತಲೆಯಿಟ್ಟು ಗೊರಕೆ ಹೊಡೆದ.
ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳು
ಕೆಂಪು ಕಣ್ಣು ಮುಚ್ಚಿ ತೆರೆದು, ಮುಚ್ಚಿ ತೆರೆದು
ನಮ್ಮನ್ನು ಎಣಿಸುತ್ತಿದ್ದವು.

ನಾಲ್ಕನೇ ದಿನ ಸ್ವಲ್ಪ ಮೈ ಬಿಸಿ.
ನರ್ಸ್ ಹನುಮಕ್ಕ ಬಂದು ಹಣೆ ಮುಟ್ಟಿ
"ಒಳಗೆ ಕೆಲಸ ನಡೀತೈತಿ ಬಿಡು" ಅಂದಳು.
ಕುದಿಸಿದ ನೀರು, ತೋಳು ಮುಚ್ಚುವ ರವಿಕೆ,
ವಾಂತಿಭೇದಿಗೆ ಉಪ್ಪು-ಸಕ್ಕರೆಯ ಪುಡಿ:
ಬೆರಳು ಮಡಚಿ ಮಡಚಿ ಹೇಳಿದಳು,
ಐದು ಬೆರಳೂ ಮುಗಿದ ಮೇಲೆ
ನನ್ನ ಕೈ ತೆಗೆದುಕೊಂಡು ಮುಂದುವರಿಸಿದಳು.
ಅವಳು ಹೋದ ಮೇಲೆ
ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡೆ.
ಅದನ್ನು ಅವಳೇನೂ ಬೇಡ ಅಂದಿರಲಿಲ್ಲ.

ಇವತ್ತು ಏಳನೇ ದಿನ.
ಅಂಗಳದಲ್ಲಿ ಹರಡಿಕೊಂಡು
ಸೊಳ್ಳೆಪರದೆಯ ಹರಿದ ಕಣ್ಣು ಹೊಲಿಯುತ್ತಿದ್ದೇನೆ.
ಅಜ್ಜ ಹೀಗೇ ಕೂತು ಬಲೆ ಹೆಣೆಯುತ್ತಿದ್ದ,
ಕಾಲ್ಬೆರಳಿಗೆ ದಾರ ಕಟ್ಟಿಕೊಂಡು.
ಸೂಳೆಕೆರೆಯ ಹಿನ್ನೀರಿನ ಹುಲ್ಲಲ್ಲಿ ಬಲೆ ಹರಡಿ
ಗೌಜಲಕ್ಕಿಯ ದನಿಯಲ್ಲೇ ಗೌಜಲಕ್ಕಿ ಕರೆಯುತ್ತಿದ್ದ.
ಅದೇ ಗಂಟು ನನ್ನ ಬೆರಳಿಗೆ ಬರುತ್ತದೆ.
ಈಗ ಬಲೆಯೊಳಗೆ ನಾವು ಮಲಗುತ್ತೇವೆ,
ಹೊರಗೆ ಹಾಡುತ್ತಾ ಸುತ್ತುವುದು
ಬೇಟೆಗಾರ.

ಹಳದಿ ಪುಸ್ತಕ ಅಕ್ಕಿ ಡಬ್ಬದ ತಳದಲ್ಲಿದೆ.
ಚರ್ಮದೊಳಗೆ ಏನೋ ಪಾಠ ಕಲಿಯುತ್ತಿದೆ, ಸದ್ದಿಲ್ಲದೆ,
ನಾನು ಫ್ರೆಂಚು ಕಲಿತ ಹಾಗೆ,
ತಪ್ಪುತ್ತಾ, ಕೇಳಿಸಿಕೊಳ್ಳುತ್ತಾ.
ಇನ್ನು ಮೂರು ದಿನ.
ತೋಳು ನೋಯುತ್ತದೆ, ಒತ್ತು ಎನ್ನುತ್ತಾನೆ ಡಾಕ್ಟರ್.
ಎರಡನೇ ದಿನವೇ ವಾಸಿಯಾಗಿದೆ, ಗೊತ್ತು.
ಒತ್ತುತ್ತೇನೆ.